ಸರಿಯಾಗಿ ಹೇಳಿ ಬೈಸಿಕೊಂಡವರು

ಅವರ ಹೆಸರು ಬರೆಯಬೇಡಿ ಎಂದು ಅವರ ಹೆಂಡತಿಯೇ ಹೇಳಿದ್ದಾರೆ. “ಏನಾದ್ರೂ ಬರ್ಕೊಳ್ಳಿ, ಹೆಸರು ಮಾತ್ರ ಬ್ಯಾಡ. ಷೇರಿನವರ ಮನೆ ಇದೇನಾ ಅಂತ ಜನ ಮತ್ತೆ ಬಂದು ಬಾಗ್ಲು ತಟ್ತಾರೆ. ಕಾಫಿ ಕಾಸಿ ಕಾಸಿ ನಂಗೆ ಸಾಕಾಗೋಗದೆ” ಎಂದರು. ಗಂಡ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಆಕೆ ಕನ್ನಡ ಶಾಲೆಯ ಟೀಚರು. ಮಕ್ಕಳಿಗೆ ಹೇಳುವ ಹಾಗೆ ನನಗೂ ಖಡಕ್ಕಾಗಿಯೇ ಹೇಳಿದರು. ಆದ್ದರಿಂದ ಹೆಸರೊಂದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ.

ನಾನು ಕೋಲಾರದ ಕಡೆಯವನು. ಹೊಟ್ಟೆಪಾಡಿಗೆ ತಮಿಳುನಾಡಿನ ಗಡಿಯ ಹೊಸೂರಿಗೆ ಬಂದು, ಜೂಜುವಾಡಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಂಡು ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಲಾರಿಗಳ ಆಕ್ಸಲ್ಲಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ ಅದು. ಅವರು ಅಲ್ಲಿ ಟೂಲ್ ರೂಮಿನ ಸೂಪರ್‌ವೈಸರ್. ಇಬ್ಬರ ಮನೆಯೂ ಅವಲಪಲ್ಲಿಯಲ್ಲಿ, ನಡುವೆ ಒಂದೇ ಬೀದಿ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಜೊತೆಗೆ ಹೋಗುವುದು, ಸಂಜೆ ಜೊತೆಗೆ ಬರುವುದು. ಕಾರ್ಖಾನೆಯವರ ಸ್ನೇಹಕ್ಕೆ ಬೇರೆ ಜಾಗ ಇಲ್ಲ. ಒಳಗೆ ಮಿಷನ್ನಿನ ಸದ್ದು, ಮನೆಯಲ್ಲಿ ಮನೆಯವರ ಸದ್ದು. ಮಾತಾಡಲು ಇರುವುದು ಬಸ್ಸೊಂದೇ.

ಎತ್ತರದ ಆಳು, ಭುಜದ ಹತ್ತಿರ ಸ್ವಲ್ಪ ಬಾಗಿದ್ದರು. ಕೈಗೆ ಏನೇ ಸಿಗಲಿ, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡುವುದು ಅವರ ಚಾಳಿ. ಕೊರೆದ ಕಬ್ಬಿಣದಲ್ಲಿ ಚೂಪು ಉಳಿದಿದೆಯೇ ಎಂದು ಜೀವಮಾನವಿಡೀ ನೋಡಿ ನೋಡಿ ಅಂಟಿದ್ದು ಅದು. ಟೀ ಲೋಟದ ಅಂಚು, ಬಸ್ಸಿನ ಕಿಟಕಿಯ ಕಂಬಿ, ಯಾವುದನ್ನೂ ಬಿಡುತ್ತಿರಲಿಲ್ಲ. ನನ್ನ ಮಗಳ ಮದುವೆಯಲ್ಲಿ ಊಟಕ್ಕೆ ಕೂತವರು ತಟ್ಟೆಯ ಅಂಚು ಸವರಿ, ಬಡಿಸುವವನನ್ನು ಕರೆದು, “ಇದು ಯಾರ್ದಾದ್ರೂ ಕೈ ಕುಯ್ತದೆ, ತೆಗ್ದಾಕ್ಬುಡು” ಎಂದಿದ್ದರು. ಬೀಗರ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ. ಮನೆಯಲ್ಲಿ ಕನ್ನಡ, ಟೂಲ್ ರೂಮಿನಲ್ಲಿ ತಮಿಳು, ಮಾವನ ಮನೆಯವರ ಹತ್ತಿರ ತೆಲುಗು. ಸಿಟ್ಟು ಬಂದರೆ ಮೂರೂ ಒಟ್ಟಿಗೆ ಬರುತ್ತಿದ್ದವು, ಆದರೆ ಸಿಟ್ಟು ಬರುತ್ತಿದ್ದದ್ದು ಅಪರೂಪ. ನನ್ನನ್ನು ಅವರು ಕರೆಯುತ್ತಿದ್ದದ್ದು ಸ್ಟೋರಪ್ಪ ಎಂದು.

ಷೇರಿನ ಹುಚ್ಚು ಅವರಿಗೆ ತಾನಾಗಿ ಹತ್ತಿದ್ದಲ್ಲ. ಬ್ಯಾಂಕಿನಲ್ಲಿದ್ದ ಭಾವಮೈದುನ ಒತ್ತಾಯ ಮಾಡಿ ಒಂದು ಖಾತೆ ತೆರೆಸಿದ್ದ. ಇವರು ಹಬ್ಬದ ಬೋನಸ್ಸಿನಲ್ಲಿ ಒಂದಷ್ಟು ಹಾಕಿ ಮರೆತರು. ಕೆಲವು ವರ್ಷ ಬಿಟ್ಟು ನೋಡಿದರೆ ಅದು ಬೆಳೆದಿತ್ತು, ಒಂದು ಸ್ಕೂಟರು ಬಂತು. ಸ್ಕೂಟರು ತಂದದ್ದು ತಪ್ಪಲ್ಲ. ಅದು ಎಲ್ಲಿಂದ ಬಂತೆಂದು ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟದ್ದು ತಪ್ಪು. ಮಾರನೆಯ ದಿನದಿಂದಲೇ ಬಸ್ಸಿನಲ್ಲಿ ಅವರ ಪಕ್ಕದ ಸೀಟಿಗೆ ಗಿರಾಕಿ ಶುರುವಾಯಿತು. ಒಬ್ಬ ಇಳಿದರೆ ಇನ್ನೊಬ್ಬ. ನಾನು ಅಷ್ಟು ವರ್ಷ ಕೂತು ಬಂದ ಸೀಟು ಅದು. ನನ್ನನ್ನು ಹಿಂದಕ್ಕೆ ತಳ್ಳಿಬಿಟ್ಟರು.

“ಹೆಂಗದೆ ಸಾರ್ ಮಾರ್ಕೆಟ್ಟು?” ಎಂದು ಕೇಳಿದರೆ ಮೊದಮೊದಲು ಅವರು “ಅದೆ” ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದರು. ಆದರೆ ಜನ ಬಿಡಬೇಕಲ್ಲ. ನಿಜ ಹೇಳಬೇಕೆಂದರೆ ಜನ ಬಂದು ಕೇಳುವುದು ಅವರಿಗೂ ಒಳಗೊಳಗೇ ಹಿತವಾಗಿತ್ತು. ಯಾರಿಗೆ ಹಿತವಲ್ಲ? ನನಗೆ ಕೇಳುವವರು ಬೋಲ್ಟು ಬಂತಾ, ಗ್ರೀಸು ಬಂತಾ ಎಂದಷ್ಟೇ.

ಅವರ ಲೆಕ್ಕಾಚಾರಕ್ಕೆ ಪುಸ್ತಕ ಬೇಕಿರಲಿಲ್ಲ, ಹೆದ್ದಾರಿ ಸಾಕಿತ್ತು. ಬಾಡಿ ಕಟ್ಟದ ಹೊಸ ಲಾರಿಗಳು, ಬರೀ ಚಾಸಿ ಅನ್ನುತ್ತೇವೆ, ಸಾಲುಸಾಲಾಗಿ ಜೂಜುವಾಡಿ ದಾಟಿ ಅತ್ತಿಬೆಲೆ ಕಡೆಗೆ ಹೋಗುತ್ತವೆ. ಮೇಲೆ ಕ್ಯಾಬಿನ್ನು ಇಲ್ಲ, ಬಾಗಿಲು ಇಲ್ಲ. ಡ್ರೈವರು ಮಂಕಿ ಟೋಪಿ ಹಾಕಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಬಯಲಲ್ಲಿ ಕುರ್ಚಿ ಹಾಕಿ ಕೂತವನಂತೆ ಕೂತಿರುತ್ತಾನೆ. ನಮ್ಮ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಇವರು ಆ ಚಾಸಿಗಳ ಹೊಟ್ಟೆಯ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. “ನಮ್ದೇ ಮಾಲು ಕಣ್ಲಾ, ನೋಡು. ಇಷ್ಟು ಚಾಸಿ ಹೋಯ್ತಾ ಅವೆ ಅಂದ್ರೆ ಆ ಕಂಪ್ನಿ ಮ್ಯಾಲಕ್ಕೋಗ್ದೆ ಇರ್ತದಾ?” ಎನ್ನುತ್ತಿದ್ದರು. ಆ ಕಾಲಕ್ಕೆ ಮೂರು ಶಿಫ್ಟು, ಭಾನುವಾರವೂ ಓವರ್‌ಟೈಮು, ಹೊಸ ಶೆಡ್ಡಿಗೆ ಅಡಿಪಾಯ. ನಾವು ಯಾವ ಲಾರಿ ಕಂಪನಿಗೆ ಮಾಲು ಕೊಡುತ್ತಿದ್ದೆವೋ ಅದೇ ಕಂಪನಿಯ ಷೇರನ್ನು ಅವರು ಕೊಂಡರು. ಬಸ್ಸಿಗೆ ಬಸ್ಸೇ ಕೊಂಡಿತು. ನಮ್ಮ ಕೈಯಲ್ಲಿ ಆದ ಸಾಮಾನು, ನಮಗಿಂತ ಯಾರಿಗೆ ಗೊತ್ತಿರುತ್ತದೆ ಎಂಬುದು ಎಲ್ಲರ ಧೈರ್ಯ. ಸಂಬಳ ಯಾವ ಬಾಗಿಲಿಂದ ಬರುತ್ತದೋ ಉಳಿತಾಯವನ್ನೂ ಅದೇ ಬಾಗಿಲಿಗೆ ಇಟ್ಟೆವಲ್ಲ ಎಂದು ಒಬ್ಬನಿಗೂ ಹೊಳೆಯಲಿಲ್ಲ. ನಾನು ಕೊಳ್ಳಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಪುಕ್ಕಲುತನದಿಂದ. ನನ್ನದೇನಿದ್ದರೂ ಪೋಸ್ಟಾಫೀಸು.

ಕೊಂಡವರಲ್ಲಿ ಮುನಿರಾಜು ಒಬ್ಬ. ಮಾಲು ತೊಳೆದು ಪ್ಯಾಕ್ ಮಾಡುವ ಕಡೆ ಇದ್ದ ಕಾಂಟ್ರ್ಯಾಕ್ಟ್ ಆಳು. ಹೊಸೂರಿನಾಚೆ ತಳಿ ಎಂಬ ಊರಿನ ಹತ್ತಿರದ ಹಳ್ಳಿಯವನು. ಹೆಂಡತಿ, ತಾಯಿ ಊರಲ್ಲಿ. ಇವನು ಅವಲಪಲ್ಲಿಯಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದ. ಸೋಮವಾರ ಬರುವಾಗ ಒಂದು ಚೀಲ ಹುರುಳಿಕಾಯಿ ತಂದು ಅವರಿಗೆ ಅರ್ಧ, ನನಗೆ ಕಾಲು ಭಾಗ ಕೊಡುತ್ತಿದ್ದ. ಊರಲ್ಲಿ ಮನೆ ಕಟ್ಟಿಸುತ್ತಿದ್ದ, ಗೋಡೆ ಎದ್ದಿತ್ತು. ಮೇಲಿನ ಮೋಲ್ಡ್, ಅಂದರೆ ಕಾಂಕ್ರೀಟಿನ ಸೂರು, ಹಾಕಿಸಲು ಕೂಡಿಟ್ಟದ್ದನ್ನು ತಂದು ಷೇರಿಗೆ ಹಾಕಿದ. “ಸೆಂಟ್ರಿಂಗ್‌ನೋನು ಬರೋಕೆ ಇನ್ನೂ ಟೈಮ್ ಅದೆ ಸಾರ್. ಅಲ್ಲೀಗಂಟ ಸುಮ್ನೆ ಮಲ್ಗೋ ಬದ್ಲು ಒಸಿ ಬೆಳ್ಕಳ್ಳಿ” ಎಂದ. ಇವರು “ಆಯ್ತು, ಹಾಕು” ಎಂದರು. ಅಷ್ಟೇ ಮಾತು.

ಆಮೇಲೆ ಲಾರಿ ಮಾರಾಟ ಬಿತ್ತು. ಯಾಕೆ ಬಿತ್ತು ಎಂಬುದಕ್ಕೆ ಟಿವಿಯವರ ಹತ್ತಿರ ದಿನಕ್ಕೊಂದು ಕಾರಣ ಇತ್ತು. ನಮಗೆ ಕಂಡದ್ದು ಭಾನುವಾರದ ಓವರ್‌ಟೈಮು ಹೋದದ್ದು, ಮೂರು ಶಿಫ್ಟು ಎರಡಾದದ್ದು, ಹೊಸ ಶೆಡ್ಡಿನ ಕಂಬಿಗಳು ಹಾಗೇ ತುಕ್ಕು ಹಿಡಿದದ್ದು. ಹೆದ್ದಾರಿಯ ಪಕ್ಕದ ಯಾರ್ಡುಗಳಲ್ಲಿ ಚಾಸಿಗಳು ನಿಂತವು, ಚಕ್ರದ ನಡುವೆ ಹುಲ್ಲು ಬೆಳೆಯಿತು. ಷೇರು ಇಳಿಯುತ್ತಾ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ದಿನಗಳಲ್ಲಿ ಯಾರೂ ಅವರನ್ನು ದೂರಲಿಲ್ಲ. ಬದಲಿಗೆ ಬಸ್ಸಿನಲ್ಲಿ ನಗು ಜಾಸ್ತಿಯಾಯಿತು. “ಸಾರ್, ಇವತ್ತು ಮಂಡಿಗಂಟ ಮುಳುಗಿದ್ವೋ, ಸೊಂಟದಗಂಟ್ಲೋ?” ಎಂದು ಹಿಂದಿನ ಸೀಟಿನಿಂದ ಕೂಗುತ್ತಿದ್ದರು. ಅವರು “ಮೂಗು ಇನ್ನೂ ಮ್ಯಾಲೇ ಅದೆ, ಸುಮ್ಕಿರ್ಲಾ” ಎನ್ನುತ್ತಿದ್ದರು. ಜೂಜುವಾಡಿಯ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸುತ್ತಿದ್ದರು. ಎಲ್ಲರೂ ಒಂದೇ ನೀರಿನಲ್ಲಿದ್ದೇವೆ ಎನ್ನುವಾಗ ಮನುಷ್ಯರಿಗೆ ಒಂದು ಬಗೆಯ ಸಮಾಧಾನ ಇರುತ್ತದೆ. ನಾನು ಷೇರಿಲ್ಲದವನು, ಆ ನಗುವಿನಲ್ಲಿ ಸೇರಲಾಗದೆ ಹೊರಗುಳಿದೆ.

ಅದರ ಬೆನ್ನಿಗೇ ಲಾಕ್‌ಡೌನ್ ಬಂತು. ಗೇಟಿಗೆ ಬೀಗ. ಕಾಯಂ ಆದ ನಮಗೆ ಸ್ವಲ್ಪವಾದರೂ ಸಂಬಳ ಬರುತ್ತಿತ್ತು, ಕಾಂಟ್ರ್ಯಾಕ್ಟ್ ಆಳುಗಳಿಗೆ “ಫೋನ್ ಮಾಡ್ತೀವಿ” ಎಂಬ ಮಾತು ಬಿಟ್ಟು ಏನೂ ಇಲ್ಲ. ಷೇರು ಪಾತಾಳ ಕಂಡಿತು. ಅವರು ಮನೆಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದರು, “ಮಾರ್ಬ್ಯಾಡ್ರಲಾ. ಲಾರಿ ಇಲ್ದೆ ದೇಶ ನಡೀತದಾ? ಎದ್ದೇ ಏಳ್ತದೆ. ಕಾಯ್ರಿ.” ಬೀದಿಯ ಕೊನೆಯಲ್ಲಿ ಮುಖಗವಸು ಹಾಕಿಕೊಂಡು ನಿಂತು ನನಗೂ ಅದನ್ನೇ ಹೇಳಿದರು. ನನ್ನ ಹತ್ತಿರ ಷೇರೇ ಇಲ್ಲ ಸ್ವಾಮಿ ಎಂದರೆ, “ಆದ್ರೂ ಕಾಯಿ” ಎಂದರು.

ಮುನಿರಾಜು ಕಾಯಲಿಲ್ಲ. ಅವನ ತಾಯಿ, ಹೆಂಡತಿ ಮೋಲ್ಡಿಲ್ಲದ ಗೋಡೆಗಳ ಮೇಲೆ ಟಾರ್ಪಾಲು ಕಟ್ಟಿಕೊಂಡಿದ್ದರು. ತಳಿಯ ಕಡೆ ಮೊದಲೇ ಚಳಿ, ಮಳೆಯೂ ಹತ್ತಿರ ಬಂತು. ಕೆಲಸಕ್ಕೆ ಕರೆಯುವ ಫೋನು ಬರಲಿಲ್ಲ. ಷೇರು ಪಾತಾಳದಲ್ಲಿದ್ದಾಗಲೇ ಅವನು ಎಲ್ಲವನ್ನೂ ಮಾರಿ, ಸಾಲದ್ದಕ್ಕೆ ಹೆಂಡತಿಯ ಓಲೆ ಬಿಚ್ಚಿಸಿ, ಮೋಲ್ಡ್ ಹಾಕಿಸಿದ. ಅವನಂತೆ ಮಾರಿಕೊಂಡವರು ಬಸ್ಸಿನಲ್ಲಿ ಇನ್ನೂ ಕೆಲವರಿದ್ದರು, ಹೆಚ್ಚಿನವರು ಕಾಂಟ್ರ್ಯಾಕ್ಟಿನವರೇ.

ಆಮೇಲೆ ನಡೆದದ್ದನ್ನು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಗೇಟಿನ ಬೀಗ ಇನ್ನೂ ಪೂರ್ತಿ ತೆಗೆದಿರಲಿಲ್ಲ, ಯಾರ್ಡಿನ ಚಾಸಿಗಳು ಹುಲ್ಲಿನಲ್ಲೇ ನಿಂತಿದ್ದವು, ಷೇರು ಏಳತೊಡಗಿತು. ಆರ್ಥಿಕತೆ ಚೇತರಿಸಿಕೊಳ್ಳುತ್ತಿದೆ ಎಂದು ಟಿವಿಯಲ್ಲಿ ಕೋಟು ಹಾಕಿದವರು ಹೇಳುತ್ತಿದ್ದಾಗ ನಾನು ಸ್ಟೋರಿನಲ್ಲಿ ಕೂತು ಜೇಡರ ಬಲೆ ತೆಗೆಸುತ್ತಿದ್ದೆ. ಯಾವ ಊರಿನ ಚೇತರಿಕೆಯೋ ಏನೋ ಎಂದು ಬೈದುಕೊಂಡೆ. ಅವರೂ ತಬ್ಬಿಬ್ಬಾಗಿದ್ದರು. “ಎದ್ದೇ ಏಳ್ತದೆ ಅಂದೆ ನಿಜ. ಆದ್ರೆ ಚಾಸಿ ಕದಲೋಕೂ ಮುಂಚೆ ಹೆಂಗೆ ಎದ್ದದು?” ಎಂದು ಬಹಳ ದಿನ ತಲೆ ಕೆರೆದುಕೊಂಡರು. ಒಂದು ಸಂಜೆ ತಾವಾಗಿಯೇ ಹೇಳಿದರು, “ಗೊತ್ತಾಯ್ತು ಸ್ಟೋರಪ್ಪ. ಅವ್ರು ಬರೋ ವರ್ಷದ ಲಾರಿ ನೋಡ್ತಾವ್ರೆ. ನಾವು ಇವತ್ತಿನ ಗೇಟು ನೋಡ್ಕೊಂಡು ಕುಂತಿದೀವಿ.” ಗೆದ್ದವರ ದನಿ ಅದರಲ್ಲಿ ಇರಲಿಲ್ಲ.

ಷೇರು ಬೀಳುವ ಮುಂಚಿನ ಬೆಲೆಗೆ ಬಂತು, ಅದನ್ನೂ ದಾಟಿತು, ನಿಲ್ಲಲೇ ಇಲ್ಲ. ಶಿಫ್ಟುಗಳು ಮರಳಿದವು. ಮುನಿರಾಜುವಿಗೂ ಫೋನು ಬಂತು. ಬಸ್ಸು ಮೊದಲಿನಂತೆ ತುಂಬಿತು. ಅವರ ಪಕ್ಕದ ಸೀಟು ಮಾತ್ರ ಖಾಲಿ.

ಬಿದ್ದಾಗ ಬಿಡದ ಸೀಟನ್ನು ಎದ್ದಾಗ ಬಿಟ್ಟರು. ಮಾರಿದವರು ಅವರ ಮುಖ ನೋಡಲಾರದೆ ಬಿಟ್ಟರು, ಮಾರದೆ ಉಳಿಸಿಕೊಂಡವರು ಮಾರಿದವರ ಎದುರಿಗೆ ಅವರ ಜೊತೆ ಕೂರಲು ಮುಜುಗರಪಟ್ಟು ಬಿಟ್ಟರು. ಮುನಿರಾಜು ಹತ್ತಿದರೆ ನೇರ ಹಿಂದಿನ ಸಾಲಿಗೆ ಹೋಗುತ್ತಿದ್ದ. ಹುರುಳಿಕಾಯಿ ಚೀಲ ನಿಂತಿತು. ಹೀಗೆ ನನಗೆ ನನ್ನ ಹಳೆಯ ಸೀಟು ವಾಪಸು ಸಿಕ್ಕಿತು. ಹಾಗೆ ಸಿಕ್ಕ ಸೀಟಿನಲ್ಲಿ ಕೂರುವುದು ಏನೂ ಸುಖವಲ್ಲ. ಪಕ್ಕದಲ್ಲಿ ಅವರು ಕಂಬಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿರುತ್ತಿದ್ದರು. ಚಾಸಿಗಳು ಮತ್ತೆ ಸಾಲುಗಟ್ಟಿ ಹೋಗುತ್ತಿದ್ದವು. ಅವರು ಬಗ್ಗಿ ನೋಡುತ್ತಿರಲಿಲ್ಲ.

ತಪ್ಪು ಹೇಳಿದ್ದರೆ ಕ್ಷಮೆ ಕೇಳಬಹುದು. ಸರಿ ಹೇಳಿದವರು ಏನು ಕೇಳಬೇಕು? ಇದೊಂದು ಅವರನ್ನು ಕೊರೆಯುತ್ತಿತ್ತು. ಉಳಿದವರ ಮುನಿಸು ಅವರಿಗೆ ತಾಗಿತು, ಆದರೆ ಮುನಿರಾಜುವಿನ ಮೌನ ತಡೆಯಲಾಗಲಿಲ್ಲ. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ತಳಿಯ ಬಸ್ಸು ಹತ್ತಿದರು. ಯಾಕೆ ಎಂದು ಹೇಳಲಿಲ್ಲ. ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಯಿತು. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹೂವಿನ ಶೆಡ್ಡುಗಳು, ರಾಗಿ ಹೊಲ, ಎಲೆಕೋಸು ತುಂಬುತ್ತಿದ್ದ ಜೀಪು. ಊರ ಕೊನೆಯಲ್ಲಿ ಮುನಿರಾಜುವಿನ ಮನೆ. ಗಾರೆ ಆಗಿರಲಿಲ್ಲ, ಬಣ್ಣ ಆಗಿರಲಿಲ್ಲ, ಮೋಲ್ಡ್ ಆಗಿತ್ತು.

ಅವನು “ಬನ್ನಿ” ಎಂದ. ಹೆಂಡತಿ ಕಾಫಿ ತಂದಿಟ್ಟಳು. ಕಿವಿಯಲ್ಲಿ ಓಲೆಯ ಜಾಗಕ್ಕೆ ಬೇವಿನ ಕಡ್ಡಿ. ಅವರು ಅದನ್ನು ನೋಡಿದರು, ನೋಡದವರಂತೆ ಲೋಟ ಎತ್ತಿಕೊಂಡರು. ಆಮೇಲೆ ಬಂದ ಕೆಲಸ ಹೇಳಿದರು. ತಮ್ಮ ಷೇರು ಇನ್ನೂ ಮಾರಿಲ್ಲ, ಅದರಲ್ಲಿ ಅರ್ಧ ಮುನಿರಾಜುವಿನ ಹೆಸರಿಗೆ ಮಾಡಿಕೊಡುತ್ತೇನೆ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಥ ಮಾತನ್ನು ಯಾರಾದರೂ ಆಡುತ್ತಾರೆಯೇ?

ಮುನಿರಾಜು ತನ್ನ ಲೋಟ ಕೆಳಗಿಟ್ಟ. “ನಾನೇನು ನಿಮ್ಮನ್ನ ಕೇಳ್ದ್ನಾ ಸಾರ್?”

“ನೀನು ಕೇಳ್ಳಿಲ್ಲ ಕಣಪ್ಪ. ನನ್ ಮನ್ಸಿಗೆ…”

“ನಿಮ್ ಮನ್ಸಿಗೆ ನಾನೇನು ಮಾಡ್ಲಿ? ನೀವು ಕಾಯಿ ಅಂದ್ರಿ. ನೀವು ಅಂದಿದ್ದೇ ಸರಿ ಆಗೋಯ್ತು. ಅದೇ ನನ್ ಸಿಟ್ಟು. ತಪ್ಪು ಹೇಳಿದ್ದಿದ್ರೆ ಇಬ್ರೂ ಕುಂತ್ಕೊಂಡು ಆ ಕಂಪ್ನಿಗೆ ಬೈಕೋಬೋದಾಗಿತ್ತು.” ಅವನು ಮೇಲೆ ಕೈ ತೋರಿಸಿದ. “ದಿನಾ ಮಲಗಿದ್ರೆ ಇದೇ ಕಾಣೋದು. ಈ ಒಂದು ಮೋಲ್ಡಿಗೆ ಇನ್ನೆಷ್ಟು ಮೋಲ್ಡು ಹೋಯ್ತೋ ಅಂತ ನಿದ್ದೆ ಬರಲ್ಲ. ಮನೇಲಿ ಟೀಚರಮ್ಮನ ಸಂಬ್ಳ ಬರೋದು ಸಾರ್ ನಿಮ್ಗೆ. ನಂಗೇನು ಬರ್ತಿತ್ತು? ಕಾಯಿ ಅನ್ನೋಕೆ ಮುಂಚೆ ಅದೊಂದು ಕೇಳ್ಬೇಕಿತ್ತು ನೀವು.”

ಅವನ ತಾಯಿ ಒಳಗಿಂದ “ಮನೆಗೆ ಬಂದೋರ ತಾವ ಹಂಗಾ ಮಾತಾಡೋದು?” ಎಂದು ಗದರಿದಳು. ಅವರು ಎದ್ದು ನಿಂತರು. “ಅವ್ನು ಸರಿಯಾಗೇ ಹೇಳ್ದ ಬುಡವ್ವ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಮಾತಾಡಿದರು. “ನಾನು ಗಟ್ಟಿಗ, ಅದ್ಕೇ ಕಾದೆ ಅನ್ಕೊಂಡಿದ್ದೆ ಸ್ಟೋರಪ್ಪ. ಹೆಂಡ್ತಿ ಸಂಬ್ಳ ಕಾದಿದ್ದದು.” ಆ ದಿನ ನನಗೆ ಅವರ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಅವರ ಮುಂದೆ ಹೇಳಲು ಆಗಿರಲಿಲ್ಲ.

ಆಮೇಲೆ ಅವರು ಯಾರಿಗೂ ಏನೂ ಹೇಳಲಿಲ್ಲ. ಹೊಸ ಹುಡುಗರು ಮೊಬೈಲಿನಲ್ಲೇ ಕೊಂಡು ಮೊಬೈಲಿನಲ್ಲೇ ಮಾರುವ ಕಾಲ. ಬೆಳಿಗ್ಗೆ ಕೊಂಡದ್ದನ್ನು ಮಧ್ಯಾಹ್ನ ಊಟಕ್ಕೆ ಮುಂಚೆ ಮಾರುತ್ತಿದ್ದರು. ಅವರಲ್ಲಿ ಯಾರಾದರೂ ಹಳೆಯ ಕಥೆ ಕೇಳಿ ಬಂದು ಕೂತರೆ, “ನಂಗೆ ಕಣ್ಣು ಕಾಣ್ಸಲ್ಲಪ್ಪ, ಅವೆಲ್ಲ ಬಿಟ್ಬುಟ್ಟೆ” ಎನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಇತ್ತು. ತಮ್ಮ ಷೇರನ್ನು ಮಾರಲೂ ಇಲ್ಲ. ಮಾರಿ ಮನೆಗೆ ಬಣ್ಣವನ್ನಾದರೂ ಹೊಡೆಸಿ ಎಂದು ಟೀಚರಮ್ಮ ಗೊಣಗಿದರೆ, “ಇರ್ಲಿ ಬುಡು” ಎನ್ನುತ್ತಿದ್ದರು. ಅದು ಏರಿತು ಎಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದ ಮನುಷ್ಯ, ನಾನು ಕಂಡಂತೆ, ಅವರೊಬ್ಬರೇ.

ನಿವೃತ್ತಿಯ ದಿನ ಕ್ಯಾಂಟೀನಿನಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಮ್ಯಾನೇಜರು ಅವರ ಹೆಸರನ್ನು ತಪ್ಪಾಗಿ ಹೇಳಿದರು. ಮುನಿರಾಜು ದೂರದಲ್ಲಿ ಕೈ ಕಟ್ಟಿ ನಿಂತಿದ್ದ. ಸ್ವೀಟು ಹಂಚುವಾಗ ಅವನು ಇರಲಿಲ್ಲ. ಇವರು ಲಾಡು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು.

ಆಮೇಲೆ ಮತ್ತೆ ಮಂದಗತಿ ಬಂತು. ಈ ಸಲ ಹೊರದೇಶದ ಆರ್ಡರು ನಿಂತವಂತೆ, ಅಲ್ಲಿ ಸುಂಕ ಏರಿಸಿದರಂತೆ. ಕಾರಣ ಯಾವುದಾದರೇನು, ನಮ್ಮ ಗೇಟಿನ ಹತ್ತಿರ ಅದು ಕಾಣುವುದು ಒಂದೇ ರೀತಿ. ಮೊದಲು ಭಾನುವಾರ ಹೋಗುತ್ತದೆ, ಆಮೇಲೆ ರಾತ್ರಿ ಶಿಫ್ಟು, ಆಮೇಲೆ ಕಾಂಟ್ರ್ಯಾಕ್ಟ್ ಆಳು. ನನಗೂ ಸಾಕಾಗಿತ್ತು. ಒಂದು ಆಯಸ್ಸಿನಲ್ಲಿ ಎಷ್ಟು ಸಲ ಇದನ್ನೇ ನೋಡುವುದು? ಪ್ಯಾಕಿಂಗಿಗೆ ಮಿಷನ್ನು ಬರುತ್ತದೆ, ಇನ್ನು ಕರೆಯುವುದಿಲ್ಲ ಎಂದು ಮುನಿರಾಜುವಿಗೆ ಈ ಸಲ ನೇರವಾಗಿಯೇ ಹೇಳಿದರು.

ಒಂದು ಬೆಳಿಗ್ಗೆ ನಾನು ಅವರ ಮನೆಯ ಜಗಲಿಯಲ್ಲಿ ಪೇಪರು ಓದುತ್ತಾ ಕೂತಿದ್ದೆ. ಅವರಿಗೆ ಆಗಲೇ ಎದೆಯ ತೊಂದರೆ ಶುರುವಾಗಿ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಗೇಟು ಸದ್ದಾಯಿತು. ಮುನಿರಾಜು. ನನಗೆ ತಲೆಯಾಡಿಸಿ, ಅವರ ಎದುರು ಮೆಟ್ಟಿಲ ಮೇಲೆ ಕೂತ. ಯಾರಿಗೂ ಹೇಳದೆ ಅವನು ಈ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಮತ್ತೆ ಷೇರು ಕೊಂಡಿದ್ದನಂತೆ. ಅದೇ ಲಾರಿ ಕಂಪನಿಯದು. ಹಟಕ್ಕೆ ಕೊಂಡದ್ದು ಎಂದು ಅವನೇ ಹೇಳಿದ. ಈಗ ಅದು ಮತ್ತೆ ಬಿದ್ದಿದೆ. ತಳಿಯಿಂದ ಹೊಸೂರಿಗೆ ಹೂವು ಸಾಗಿಸಲು ಒಂದು ಹಳೆಯ ಗೂಡ್ಸ್ ಗಾಡಿ ಮಾರಾಟಕ್ಕಿದೆ. ಷೇರು ಮಾರಿದರೆ ಗಾಡಿ ಬರುತ್ತದೆ, ಆದರೆ ಹೋದ ಸಲದ ಹಾಗೇ ಪಾತಾಳದಲ್ಲಿ ಮಾರಿದಂತಾಗುತ್ತದೆ.

“ಮಾರ್ಲಾ, ಕಾಯ್ಲಾ ಸಾರ್? ಒಂದು ಮಾತು ಹೇಳ್ಬುಡಿ.”

ಅವರು ಯಾರಿಗೂ ಹೇಳುವುದಿಲ್ಲ ಎಂದು ಬಿಟ್ಟವರು. ಕಣ್ಣು ಕಾಣಿಸುವುದಿಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

“ಎಷ್ಟು ದಿನ ಕಾಯೋಕಾಯ್ತದೆ ನಿನ್ ಕೈಲಿ?”

ಮುನಿರಾಜು ಗೇಟಿನ ಕಡೆ ನೋಡಿದ. ಅವರು ಬಿಡಲಿಲ್ಲ. ಮನೆಯಲ್ಲಿ ಈಗ ಏನು ಬರುತ್ತದೆ, ತಾಯಿಯ ಔಷಧಿ ಎಲ್ಲಿಂದ, ಹೆಂಡತಿ ಹೂವಿನ ಶೆಡ್ಡಿಗೆ ಕೂಲಿಗೆ ಹೋದರೆ ವಾರದಲ್ಲಿ ಎಷ್ಟು ದಿನ ಕೆಲಸ, ಗಾಡಿ ಬಂದರೆ ಹೂವು ಕೊಡುವವರು ಯಾರು ಎಂದು ಒಂದೊಂದಾಗಿ ಕೇಳಿದರು. ನಡುನಡುವೆ ಉಸಿರಿಗೆ ನಿಲ್ಲಿಸುತ್ತಿದ್ದರು. ಅವನು ಮೊದಲು ಬಿಗುಮಾನದಿಂದ, ಆಮೇಲೆ ಮನೆಯವರ ಹತ್ತಿರ ಹೇಳುವಂತೆ ಎಲ್ಲವನ್ನೂ ಹೇಳಿದ. ಟೀಚರಮ್ಮ ಕಾಫಿ ಇಟ್ಟು ಹೋದರು, ತಣ್ಣಗಾಯಿತು. ಷೇರಿನ ಮಾತು ಅಷ್ಟು ಹೊತ್ತು ಬರಲೇ ಇಲ್ಲ.

“ಮಾರ್ಬುಡು” ಎಂದರು ಕೊನೆಗೆ. “ಅದು ಏಳ್ತದೆ. ಏಳಲ್ಲ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಅದು ಏಳೋಗಂಟ ನೀನು ನಿಂತಿರಬೇಕಲ್ಲ. ಮಾರಿ ಗಾಡಿ ತಗೋ. ಎದ್ಮೇಲೆ ನನ್ನ ಬೈಕೋ.”

“ಬೈತೀನಿ” ಎಂದ ಮುನಿರಾಜು. ಇಬ್ಬರೂ ನಕ್ಕರು. ಆ ನಗು ಕೇಳಿ ಟೀಚರಮ್ಮ ಬಾಗಿಲಿಗೆ ಬಂದು ನೋಡಿದರು.

ಮಾರಿದ, ಗಾಡಿ ತಂದ. ಷೇರು ಎಷ್ಟು ಬೇಗ ಎದ್ದಿತೆಂದರೆ, ಗಾಡಿಯ ಕಾಗದಪತ್ರ ಅವನ ಹೆಸರಿಗೆ ಆಗುವಷ್ಟರಲ್ಲಿ ಏರಲು ಶುರು. ನನಗೆ ಗಾಬರಿ. ಮತ್ತೆ ಮೊದಲಿನ ಕಥೆಯೇ ಆಗುತ್ತದೆ, ಈ ಸಲ ಇವರ ಎದೆ ತಡೆಯುವುದಿಲ್ಲ ಎಂದು ಹೆದರಿದೆ. ಪೇಪರಿನ ಆ ಪುಟವನ್ನು ತೆಗೆದಿಟ್ಟು ಉಳಿದದ್ದನ್ನು ಅವರಿಗೆ ಕೊಡುತ್ತಿದ್ದೆ. ಆದರೆ ಮುನಿರಾಜು ಹೂವು ಇಳಿಸಿ ವಾಪಸು ಹೋಗುವ ದಾರಿಯಲ್ಲಿ ದಿನಾ ಅವರ ಮನೆಯ ಮುಂದೆ ಗಾಡಿ ನಿಲ್ಲಿಸತೊಡಗಿದ. ಮೆಟ್ಟಿಲ ಮೇಲೆ ಕೂತು, “ಇವತ್ತೂ ಏರ್ಬುಟ್ಟದೆ ಸಾರ್, ನಿಮ್ ಬಾಯಿಗೆ ಮಣ್ಣಾಕ” ಎಂದು ಬೈದು, ಕಾಫಿ ಕುಡಿದು ಹೋಗುತ್ತಿದ್ದ. ಅವರು ಬೈಗುಳಕ್ಕೆ ಕಾಯುತ್ತಾ ಕೂತಿರುತ್ತಿದ್ದರು. ಒಂದು ದಿನ ಅವನು ಬರಲು ತಡವಾದರೆ ನನ್ನ ಕೈಯಿಂದ ಅವನಿಗೆ ಫೋನು ಮಾಡಿಸಿದರು.

ಅವರು ಹೋದದ್ದು ಒಂದು ಗುರುವಾರ ಮುಂಜಾನೆ. ಸುದ್ದಿ ಮುಟ್ಟಿದ ಹೊತ್ತಿಗೆ ಮುನಿರಾಜು ಮಾರ್ಕೆಟ್ಟಿನಲ್ಲಿ ಹೂವು ಇಳಿಸುತ್ತಿದ್ದನಂತೆ. ಅರ್ಧ ಇಳಿಸಿ, ಉಳಿದರ್ಧವನ್ನು ಹಾಗೇ ಹೇರಿಕೊಂಡು ಬಂದ. ಭಾವಮೈದುನ ಎಲ್ಲಿಗೋ ಫೋನು ಮಾಡಿ ಶವದ ವ್ಯಾನು ತರಿಸುತ್ತಿದ್ದ. ಮುನಿರಾಜು ಅವನ ಕೈ ಹಿಡಿದು, “ಬ್ಯಾಡಿ, ನಮ್ದೇ ಗಾಡಿ ಅದೆ” ಎಂದ. ಟೀಚರಮ್ಮ ಹೂಂ ಎಂದರು. ಹಳೆಯ ಬಸ್ಸಿನವರು ಎಲ್ಲರೂ ಬಂದಿದ್ದರು, ಮಾರಿದವರೂ ಮಾರದವರೂ. ಅವರೇ ಹೆಗಲು ಕೊಟ್ಟು ಗಾಡಿಗೆ ಏರಿಸಿದರು.

ನಾನು ಮುಂದೆ, ಮುನಿರಾಜುವಿನ ಪಕ್ಕ ಕೂತೆ. ಅವನು ಕೀಲಿ ತಿರುಗಿಸಿ, ಹೊರಡದೆ ಹಾಗೇ ಕೂತ.

“ಈ ಸಲ ಸಾರ್ ಹೇಳಿದ್ದು ತಪ್ಪಾಗೋಯ್ತು ಕಣಣ್ಣ” ಎಂದ. “ಮಾರ್ದೆ ಇದ್ದಿದ್ರೆ ಇವತ್ತು ಇಂಥವು ಎರಡು ಗಾಡಿ ತಗೋಬೋದಿತ್ತು.”

ಅಷ್ಟಂದು ಟವೆಲ್ಲಿನಲ್ಲಿ ಮುಖ ಒತ್ತಿ ಒರೆಸಿಕೊಂಡ. ಆಮೇಲೆ, ಹಿಂದೆ ಮಲಗಿದ್ದವರು ಅಲುಗಾಡಬಾರದೆಂದು, ಹಳ್ಳ ನೋಡಿ ನೋಡಿ, ಮೊದಲನೇ ಗೇರಿನಲ್ಲೇ ಗಾಡಿ ಬಿಟ್ಟ.